ಬಂಗುಡೆ ಇಲ್ಲದ ಸಮುದ್ರ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದ್ತೀವಿ ಅನ್ನೋರಿಗಾಗಿ ಎಂದಿನಂತೆ ಈ ಸಲದ ಮಾತಿನ ಬರಹ ರೂಪ ಇಲ್ಲಿದೆ. ಕ್ಯಾಮೆರಾ ಮುಂದೆ ಮರೆತುಹೋದ ಒಂದೆರಡು ವಿಷಯ ಸೇರಿಸಿದ್ದೀನಿ, ತಡವರಿಸಿದ್ದನ್ನೆಲ್ಲ ತೆಗೆದಿದ್ದೀನಿ.

ಈ ಸಲದ ವಿಷಯ ಮಕ್ಕಳ ಚಿತ್ರಪುಸ್ತಕ. ಅದರಲ್ಲೂ ಸಮುದ್ರದ ಜೀವಿಗಳನ್ನು ತೋರಿಸೋ ಪುಸ್ತಕ. ಇದರಲ್ಲಿ ಇತಿಹಾಸ ಏನು ಬಂತು ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಡೊಂಬಿವಲಿಯಲ್ಲಿ ಪುಸ್ತಕ ಪ್ರದರ್ಶನ ಆಗಾಗ ನಡೀತಾನೇ ಇರುತ್ತೆ. ಹೋದ ಮಳೆಗಾಲದಲ್ಲಿ ಅಂಥದ್ದೊಂದರಿಂದ ಮಗಳಿಗೆ ದೊಡ್ಡ ಸೈಜಿನ ಇಂಗ್ಲಿಷ್ ಚಿತ್ರಪುಸ್ತಕ ತಂದೆ. ದಪ್ಪ ಹಾಳೆ, ಹೊಳೆಯೋ ಬಣ್ಣ, ಪುಟ ತಿರುಗಿಸಿದಷ್ಟೂ ಸಮುದ್ರ ಆಳಕ್ಕೆ ಹೋಗುತ್ತೆ. ನಮ್ಮ ಮನೆಯಲ್ಲೊಂದು ನಿಯಮ ಇದೆ: ಹಗಲೆಲ್ಲ ಇಂಗ್ಲಿಷೋ ಹಿಂದಿಯೋ ಮರಾಠಿಯೋ ಏನಾದರೂ ಆಗಲಿ, ಮಲಗೋ ಮುಂಚಿನ ಪುಸ್ತಕ ಮಾತ್ರ ಕನ್ನಡದಲ್ಲಿ. ಇಂಗ್ಲಿಷ್ ಪುಸ್ತಕ ಆದರೆ ನಾನು ಓದ್ತಾ ಓದ್ತಾ ಕನ್ನಡ ಮಾಡ್ತೀನಿ. ಆನೆ, ಹುಲಿ, ರೈತ, ಚಂದ್ರ, ಟ್ರ್ಯಾಕ್ಟರು, ಇವಕ್ಕೆಲ್ಲ ತೊಂದರೆ ಇರಲಿಲ್ಲ. ಸಮುದ್ರದ ಪುಸ್ತಕ ತೆರೆದ ಮೊದಲ ರಾತ್ರಿಯೇ ಬಂಡಿ ನಿಂತುಬಿಡ್ತು.

“ಅಪ್ಪಾ, ಇದೇನು?”

“ಮೀನು.”

“ಇದು?”

“ಇದೂ ಒಂಥರಾ ಮೀನೇ.”

“ಮತ್ತೆ ಈ ಚಪಾತಿ ಥರ ಇರೋದು?”

ಅದು ಸ್ಟಿಂಗ್‌ರೇ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಅವಳಿಗೆ ಐದು ವರ್ಷ. “ನಿಂಗೂ ಗೊತ್ತಿಲ್ಲ ಅಲ್ವಾ?” ಅಂದಳು. ಬೈದಿದ್ದಲ್ಲ, ಸಮಾಧಾನ ಮಾಡಿದ್ದು. ಅದೇ ಹೆಚ್ಚು ಚುಚ್ಚಿತು.

ನಾನು ದಾವಣಗೆರೆ ಕಡೆಯವನು. ಸಮುದ್ರ ನೋಡಬೇಕಂದ್ರೆ ಘಟ್ಟ ಇಳೀಬೇಕಾದ ಊರು. ಮನೆಯಲ್ಲಿ ಮೀನು ತಿನ್ನೋ ರೂಢಿಯೂ ಇಲ್ಲ. ಹಾಗಾಗಿ ನನ್ನ ಕನ್ನಡದಲ್ಲಿ ಸಮುದ್ರದ ಭಾಗ ಖಾಲಿ ಅಂತ ನನಗೆ ಮೂವತ್ತೆಂಟನೇ ವಯಸ್ಸಿನಲ್ಲಿ ಗೊತ್ತಾಯ್ತು. ಪದ ಮರೆತಿರಲಿಲ್ಲ, ಯಾವತ್ತೂ ಇರಲೇ ಇಲ್ಲ.

ಎರಡು ದಿನ ಬಿಟ್ಟು ಮೂರನೇ ಮಹಡಿಯ ಅಜ್ಜಿ ಮನೆಗೆ ಬಂದಿದ್ದರು. ಮಲ್ಪೆ ಕಡೆಯವರು, ಮೊಗವೀರರು, ಮದುವೆಯಾಗಿ ಮುಂಬೈಗೆ ಬಂದು ಐವತ್ತು ವರ್ಷದ ಮೇಲಾಯ್ತು. ಮಗಳು ಪುಸ್ತಕ ತೋರಿಸಿದಳು. ಅಜ್ಜಿ ಕನ್ನಡಕ ಹಾಕಿಕೊಂಡು ಪುಟದ ಮೇಲೆ ಬೆರಳಿಟ್ಟರು. “ಇದು ತೊರಕೆ ಅಲ್ವಾ ಮಗಾ! ಇದರ ಬಾಲದಲ್ಲಿ ಮುಳ್ಳುಂಟು, ಗೊತ್ತುಂಟಾ? ಚುಚ್ಚಿದ್ರೆ ಮೂರು ದಿನ ಉರಿ ಇಳಿಯುದಿಲ್ಲ.” ಮುಂದಿನ ಪುಟ. “ಇದು ಬೊಂಡಾಸ್. ಇದು ಕಪ್ಪೆ ಬೊಂಡಾಸ್, ಬೇರೆ ಜಾತಿ, ಒಳಗೆ ಬಿಳಿ ಹಲಗೆ ಹಾಗೆ ಒಂದು ಇರ್ತದೆ.” ಇಂಗ್ಲಿಷ್ ಪುಸ್ತಕ ಸ್ಕ್ವಿಡ್, ಕಟಲ್‌ಫಿಶ್ ಅಂತ ಎರಡು ಪುಟ ತೆಗೆದುಕೊಂಡು ವಿವರಿಸಿದ ವ್ಯತ್ಯಾಸವನ್ನು ಅಜ್ಜಿ ಒಂದೇ ಉಸಿರಿನಲ್ಲಿ ಮುಗಿಸಿದರು.

ನಾನು ಪೆನ್ನು ತಗೊಂಡು ಬರೆದುಕೊಳ್ಳೋಕೆ ಶುರುಮಾಡಿದೆ. ಅಜ್ಜಿ ನಕ್ಕರು. “ಅಯ್ಯೋ, ಅದನ್ನೆಲ್ಲ ಬರೀಬೇಡಿ ಮಾರಾಯ್ರೆ. ಅದು ಮೀನಿನವರ ಮಾತು. ಪುಸ್ತಕದ ಕನ್ನಡ ಬೇರೆ ಉಂಟಲ್ಲ.”

ಈ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಪುಸ್ತಕದ ಕನ್ನಡ ಬೇರೆ ಅಂತ ಅವರಿಗೆ ಹೇಳಿದ್ದು ಯಾರು? ಆ ಪುಸ್ತಕದ ಕನ್ನಡದಲ್ಲಿ ಸಮುದ್ರ ಬಂದಿದ್ದು ಎಲ್ಲಿಂದ? ಇವತ್ತಿನ ಮಾತು ಪೂರ್ತಿ ಅದನ್ನು ಹುಡುಕಿಕೊಂಡು ಹೋದ ಕಥೆ.

ಮೊದಲು ಕನ್ನಡದಿಂದ ದೂರ, ಯುರೋಪಿಗೆ ಹೋಗಬೇಕು. ಮಕ್ಕಳಿಗಾಗಿಯೇ ಮಾಡಿದ ಮೊದಲ ಚಿತ್ರಪುಸ್ತಕ ಅಂತ ಸಾಮಾನ್ಯವಾಗಿ ಹೆಸರಿಸೋದು ಕೊಮೇನಿಯಸ್ ಬರೆದ ‘ಆರ್ಬಿಸ್ ಪಿಕ್ಟಸ್’ ಅನ್ನೋ ಪುಸ್ತಕವನ್ನು. 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಯ್ತು. ಮರದ ಅಚ್ಚಿನ ಚಿತ್ರ, ಚಿತ್ರದೊಳಗೆ ನಂಬರು, ಪಕ್ಕದಲ್ಲಿ ಆ ನಂಬರಿನ ವಸ್ತುವಿಗೆ ಲ್ಯಾಟಿನ್ನಿನಲ್ಲೂ ಜರ್ಮನ್ನಿನಲ್ಲೂ ಹೆಸರು. ಇವತ್ತಿನ ನಮ್ಮ ಮಕ್ಕಳ ಪುಸ್ತಕಗಳ ವಿನ್ಯಾಸ ಬಹುಪಾಲು ಅದೇ. ಅದರಲ್ಲಿ ಸಮುದ್ರದ ಮೀನು, ಚಿಪ್ಪಿನ ಪ್ರಾಣಿಗಳಿಗೇ ಒಂದು ಪಾಠ ಇದೆ. ತಿಮಿಂಗಿಲ ಸಮುದ್ರದ ಮೀನುಗಳಲ್ಲೆಲ್ಲ ದೊಡ್ಡದು ಅನ್ನುತ್ತೆ ಆ ಪಾಠ. ತಿಮಿಂಗಿಲವನ್ನು ಮೀನಿನ ಗುಂಪಿನಿಂದ ತೆಗೆದು ಸಸ್ತನಿಗಳ ಜೊತೆ ಲಿನೇಯಸ್ ಸೇರಿಸಿದ್ದು 1758ರಲ್ಲಿ, ಸರಿಯಾಗಿ ನೂರು ವರ್ಷ ಆದಮೇಲೆ. ನಮ್ಮ ತೊರಕೆಯ ಜಾತಿಯ ಮೀನು ಕೂಡ ಅಲ್ಲಿದೆ, ಎಲ್ಲಕ್ಕಿಂತ ವಿಕಾರವಾದದ್ದು ಅನ್ನೋ ಬಿರುದಿನ ಜೊತೆ!

ನನಗೆ ಹಿಡಿಸಿದ್ದು ಬೇರೆ ಒಂದು ವಿವರ. ಹೆರಿಂಗ್ ಮೀನು ಉಪ್ಪು ಹಾಕಿ ಬರುತ್ತೆ, ಕಾಡ್ ಮೀನು ಒಣಗಿಸಿ ಬರುತ್ತೆ ಅಂತ ಆ ಪಾಠ ಹೇಳುತ್ತೆ. ಕೊಮೇನಿಯಸ್ ಮೊರಾವಿಯಾದವನು, ಅಂದ್ರೆ ಇವತ್ತಿನ ಚೆಕ್ ದೇಶ, ಸುತ್ತ ಎಲ್ಲೂ ಸಮುದ್ರ ಇಲ್ಲ. ಅವನ ಕಣ್ಣಿಗೆ ಮೀನು ಈಜುತ್ತಾ ಕಾಣಲಿಲ್ಲ, ಪೀಪಾಯಿಯಲ್ಲಿ ಬಂತು. ದಾವಣಗೆರೆಯ ಸಂತೆಯಲ್ಲಿ ಒಣಮೀನಿನ ಸಾಲು ಇರುತ್ತಿತ್ತು, ನಾವು ಮೂಗು ಮುಚ್ಚಿಕೊಂಡು ಆಚೆ ಬದಿಯಿಂದ ದಾಟುತ್ತಿದ್ದೆವು. ಮುನ್ನೂರೈವತ್ತು ವರ್ಷದ ಹಿಂದಿನ ಮನುಷ್ಯನ ಜೊತೆ ಇಷ್ಟು ಹತ್ತಿರದ ಸಂಬಂಧ ಇರುತ್ತೆ ಅಂದುಕೊಂಡಿರಲಿಲ್ಲ.

ಘಟ್ಟದ ಮೇಲಿನ ಕನ್ನಡಕ್ಕೂ ಸಮುದ್ರ ಬಂದಿದ್ದು ಸಾಮಾನಿನ ರೂಪದಲ್ಲಿ ಅಂತ ನನಗೆ ಅನ್ನಿಸುತ್ತೆ. ಉಪ್ಪು, ಮುತ್ತು, ಹವಳ, ಶಂಖ, ಕವಡೆ. ಪ್ರತಿಯೊಂದಕ್ಕೂ ಚೆಂದದ ಪದ ಇದೆ. ಆದರೆ ಆ ಸಾಮಾನಿನೊಳಗಿದ್ದ ಪ್ರಾಣಿ ದಾರಿಯಲ್ಲೇ ಉದುರಿಹೋಗಿದೆ. ಹವಳ ಅಂದ ಕೂಡಲೇ ನಮಗೆ ನೆನಪಾಗೋದು ಉಂಗುರ, ಕುಜದೋಷ. ಒಡವೆಯ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು. ಭಾರತದ ಬಂದರುಗಳಿಗೆ ಅದು ಆಮದಾಗುತ್ತಿದ್ದ ವಿಷಯ ಒಂದನೇ ಶತಮಾನದ ಗ್ರೀಕ್ ಹಡಗು ಕೈಪಿಡಿ ‘ಪೆರಿಪ್ಲಸ್’ನಲ್ಲೇ ಬರುತ್ತೆ. ಅದೇ ಪುಸ್ತಕದಲ್ಲಿ ‘ಕಲ್ಲಿಯೇನಾ’ ಅನ್ನೋ ಬಂದರಿನ ಹೆಸರೂ ಇದೆ. ಅದು ಬೇರೆ ಯಾವುದೂ ಅಲ್ಲ, ದಿನಾ ಬೆಳಗ್ಗೆ ನಾವು ಫಾಸ್ಟ್ ಲೋಕಲ್‌ಗೆ ಕಾಯೋ ಕಲ್ಯಾಣ್! ಉಲ್ಹಾಸ್ ನದಿಯ ಖಾಡಿ ಹಿಡಿದು ಹಡಗುಗಳು ಅಲ್ಲಿಯವರೆಗೆ ಬರುತ್ತಿದ್ದವು. ಮುಂದೆ ಶಿವಾಜಿ ಕೂಡ ತನ್ನ ಹಡಗುಗಳನ್ನು ಕಟ್ಟಿಸೋಕೆ ಶುರುಮಾಡಿದ್ದು ಇದೇ ಕಲ್ಯಾಣ್ ಭಿವಂಡಿ ಭಾಗದಲ್ಲಿ. ಕಲ್ಯಾಣ್‌ನಲ್ಲಿ ಫ್ಲ್ಯಾಟ್ ತಗೊಂಡವರು ಸಮುದ್ರದಿಂದ ದೂರ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಕನ್ನಡ ವರ್ಣಮಾಲೆಯ ಚಾರ್ಟ್ ನೆನಪಿಸಿಕೊಳ್ಳಿ. ಶ ಅಂದ್ರೆ ಶಂಖ. ಚಿತ್ರದಲ್ಲಿರೋದು ದೇವರ ಮನೆಯ ಶಂಖ, ಉಜ್ಜಿ ತೊಳೆದದ್ದು. ಮನ್ನಾರ್ ಕೊಲ್ಲಿಯ ಮರಳಿನಲ್ಲಿ ತೆವಳಿಕೊಂಡು ಹುಳ ತಿಂದು ಬದುಕೋ ಒಂದು ಬಸವನಹುಳುವಿನ ಮನೆ ಅದು ಅಂತ ನನಗೆ ಯಾವ ಚಾರ್ಟೂ ಹೇಳಲಿಲ್ಲ. ಹ ಅಂದ್ರೆ ಹಡಗು. ಅಲ್ಲಿಗೆ ಮುಗೀತು. ಇಂಗ್ಲಿಷ್ ಚಾರ್ಟಿನಲ್ಲಿ ಆಕ್ಟೋಪಸ್, ಸ್ಟಾರ್‌ಫಿಶ್, ವೇಲ್ ಮೂರೂ ಕೂತಿರುತ್ತವೆ.

ಇನ್ನು ತಿಮಿಂಗಿಲ. ಸಂಸ್ಕೃತದ ಪದ, ತಿಮಿ ಅನ್ನೋ ದೊಡ್ಡ ಮೀನನ್ನು ನುಂಗೋದು ತಿಮಿಂಗಿಲ. ಅದನ್ನೂ ನುಂಗೋದು ತಿಮಿಂಗಿಲಗಿಲ. ನಮ್ಮ ಫೀಲ್ಡಿನ ಕಂಪನಿ ಖರೀದಿಗಳ ಸುದ್ದಿ ಓದುವಾಗ ನನಗೆ ಇದೇ ನೆನಪಾಗೋದು. ಆದರೆ ನಿಜವಾದ ನೀಲಿ ತಿಮಿಂಗಿಲ ತಿನ್ನೋದು ಬೆರಳುದ್ದದ ಕ್ರಿಲ್ ಅನ್ನೋ ಸಿಗಡಿಯಂಥ ಜೀವಿಯನ್ನು, ಟನ್‌ಗಟ್ಟಲೆ. ಅತಿ ದೊಡ್ಡದು ಅತಿ ಚಿಕ್ಕದನ್ನು ತಿಂದು ಬದುಕುತ್ತೆ. ಹೆಸರಿನೊಳಗಿರೋ ಕಥೆಗೆ ಪೂರಾ ಉಲ್ಟಾ.

ಇಷ್ಟೆಲ್ಲ ಹೇಳಿದೆ ಅಂತ ಕನ್ನಡಕ್ಕೆ ಸಮುದ್ರ ಗೊತ್ತಿಲ್ಲ ಅಂತಲ್ಲ. ಕನ್ನಡದ ಮಕ್ಕಳ ಸಾಹಿತ್ಯ ಹುಟ್ಟಿ ಬೆಳೆದ ಊರುಗಳಲ್ಲಿ ಮುಖ್ಯವಾದದ್ದು ಮಂಗಳೂರು, ಕಡಲ ದಡದ ಊರೇ. ಬಾಸೆಲ್ ಮಿಷನ್ ಅಲ್ಲಿ ಮುದ್ರಣಾಲಯ ತೆರೆದದ್ದು 1841ರಲ್ಲಿ. ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಬರೆದದ್ದೂ ಆ ಊರಿನಲ್ಲೇ; ಅವರ ‘ತೆಂಕಣ ಗಾಳಿಯಾಟ’ದಲ್ಲಿ ಕಡಲಿನ ಗಾಳಿಯೇ ನಾಯಕ. ಆದರೆ ಗಾಳಿ, ಅಲೆ, ಹಡಗು ಬಂದಷ್ಟು ಧಾರಾಳವಾಗಿ ನೀರಿನ ಒಳಗಿನವರು ಬರಲಿಲ್ಲ.

ಒಳಗಿನವರನ್ನು ಕರೆತಂದ ದೊಡ್ಡ ಹೆಸರು ಶಿವರಾಮ ಕಾರಂತರದ್ದು. 1902ರಲ್ಲಿ ಕೋಟದಲ್ಲಿ ಹುಟ್ಟಿದವರು, ಕಡಲ ಸದ್ದು ಕೇಳೋ ಊರು. 1936ರಲ್ಲಿ ಮೂರು ಸಂಪುಟದ ‘ಬಾಲಪ್ರಪಂಚ’ ತಂದರು, ಕನ್ನಡದ ಮಕ್ಕಳಿಗೆ ಸಿಕ್ಕ ಮೊದಲ ವಿಶ್ವಕೋಶ. ಆಗ ವಿಶ್ವವಿದ್ಯಾಲಯ ಬೆನ್ನಿಗಿಲ್ಲ, ಸರ್ಕಾರದ ಯೋಜನೆ ಇಲ್ಲ, ಒಬ್ಬ ಮನುಷ್ಯ. ಇದನ್ನು ಇವತ್ತಿನ ಲೆಕ್ಕದಲ್ಲಿ ಯೋಚನೆ ಮಾಡಿ: ಟೀಮ್ ಇಲ್ಲದೆ, ಫಂಡಿಂಗ್ ಇಲ್ಲದೆ ಒಬ್ಬನೇ ಕೂತು ಮಕ್ಕಳ ವಿಕಿಪೀಡಿಯ ಬರೆದ ಹಾಗೆ. ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬಂತು. ರೇಚಲ್ ಕಾರ್ಸನ್ 1951ರಲ್ಲಿ ಬರೆದ ‘ದಿ ಸೀ ಅರೌಂಡ್ ಅಸ್’ ಪುಸ್ತಕವನ್ನು ‘ನಮ್ಮ ಸುತ್ತಲಿನ ಕಡಲು’ ಅಂತ ಕನ್ನಡಕ್ಕೆ ತಂದವರೂ ಅವರೇ. ಸಾಗರ ಅನ್ನಲಿಲ್ಲ, ಸಮುದ್ರ ಅನ್ನಲಿಲ್ಲ, ಕಡಲು ಅಂದರು ನೋಡಿ. ಕೋಟದ ಮನುಷ್ಯ.

ಇಲ್ಲೊಂದು ಹೋಲಿಕೆ. ಕಾರ್ಸನ್ ಪುಸ್ತಕಕ್ಕೆ ಅಮೆರಿಕದಲ್ಲಿ 1958ರಲ್ಲಿ ಮಕ್ಕಳಿಗಾಗಿ ಚಿತ್ರಗಳು ತುಂಬಿದ ದೊಡ್ಡ ಆವೃತ್ತಿ ಬಂತು. ನಮಗೆ ಸಿಕ್ಕಿದ್ದು ದೊಡ್ಡವರು ಓದೋ ಅನುವಾದ. ಎಪ್ಪತ್ತರ ದಶಕದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟದ ‘ಜ್ಞಾನಗಂಗೋತ್ರಿ’ ಬಂತು, ನಮ್ಮಲ್ಲಿ ಅನೇಕರು ಶಾಲೆಯ ಕಪಾಟಿನ ಗಾಜಿನ ಹಿಂದೆ ಅದನ್ನು ನೋಡಿದ್ದೀವಿ (ಕಪಾಟಿನ ಕೀಲಿ ಹೆಡ್‌ಮಾಸ್ಟರ ಹತ್ತಿರ ಇರುತ್ತಿತ್ತು, ಅದು ಬೇರೆ ಮಾತು). ಇವೆಲ್ಲ ಓದೋಕೆ ಬರೋ ಮಕ್ಕಳಿಗೆ. ಐದು ವರ್ಷದ ಮಗು ತೊಡೆ ಮೇಲೆ ಕೂತು ಬೆರಳಿಟ್ಟು ಕೇಳೋ ಪುಸ್ತಕ ಬೇರೆಯೇ ವಸ್ತು.

ಆ ಪುಸ್ತಕ ಯಾಕೆ ಕಷ್ಟ ಅಂದ್ರೆ ಬಣ್ಣ. ನಾಲ್ಕು ಬಣ್ಣದ ಮುದ್ರಣಕ್ಕೆ ಪ್ರತಿ ಪುಟಕ್ಕೂ ನಾಲ್ಕು ಪ್ಲೇಟು ಬೇಕು: ನೀಲಿ, ಗುಲಾಬಿ ಕೆಂಪು, ಹಳದಿ, ಕಪ್ಪು. ಒಂದೇ ಭಾಷೆಯಲ್ಲಿ ಎರಡು ಸಾವಿರ ಪ್ರತಿ ಹಾಕಿದರೆ ಖರ್ಚು ಹುಟ್ಟೋದಿಲ್ಲ. ಅದಕ್ಕೆ ಪ್ರಕಾಶಕರು ಕಂಡುಕೊಂಡ ಉಪಾಯ ಸೊಗಸಾಗಿದೆ. ಅಕ್ಷರವನ್ನೆಲ್ಲ ಕಪ್ಪು ಪ್ಲೇಟಿನಲ್ಲಿ ಮಾತ್ರ ಇಡೋದು. ಬಣ್ಣದ ಮೂರು ಪ್ಲೇಟು ಎಲ್ಲ ಭಾಷೆಗೂ ಒಂದೇ. ಸಾವಿರಾರು ಪ್ರತಿ ಒಟ್ಟಿಗೆ ಅಚ್ಚು ಹಾಕಿ, ಕೊನೆಗೆ ಕಪ್ಪು ಪ್ಲೇಟು ಬದಲಿಸುತ್ತಾ ಹೋದರೆ ಇದು ಹಿಂದಿ, ಇದು ತಮಿಳು, ಇದು ಕನ್ನಡ. ನಿಮಗೆ ಈಗಾಗಲೇ ಹೊಳೆದಿರಬೇಕು: ಸ್ಕ್ರೀನು ಒಂದೇ, ಸ್ಟ್ರಿಂಗ್ ಫೈಲ್ ಮಾತ್ರ ಬೇರೆ. ನಾವು ಲೋಕಲೈಸೇಶನ್ ಅಂತ ಮಾಡೋ ಕೆಲಸವನ್ನು ಮಕ್ಕಳ ಪುಸ್ತಕದವರು ನಮಗಿಂತ ಬಹಳ ಮೊದಲೇ ಮಾಡಿದ್ದರು.

ದೆಹಲಿಯಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್, ಕಾರ್ಟೂನಿಸ್ಟ್ ಶಂಕರ್ ಕಟ್ಟಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್, ಎರಡೂ ಶುರುವಾಗಿದ್ದು 1957ರಲ್ಲಿ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆಯಲ್ಲಿ ಒಂದೇ ಚಿತ್ರಗಳು ಹಲವು ಭಾಷೆಗಳಲ್ಲಿ ಬಂದವು, ಕನ್ನಡದಲ್ಲೂ. ಇನ್ನೊಂದು ಕಡೆಯಿಂದ ಸೋವಿಯತ್ ಪುಸ್ತಕಗಳು, ನವಕರ್ನಾಟಕದ ಮಳಿಗೆಗಳಲ್ಲಿ, ನಂಬೋಕಾಗದಷ್ಟು ಅಗ್ಗವಾಗಿ. 1991ರಲ್ಲಿ ಆ ದೇಶವೇ ಹೋಯ್ತು, ಪುಸ್ತಕವೂ ನಿಂತುಹೋಯ್ತು. ಆಮೇಲೆ ಬಂದದ್ದು ಲಂಡನ್, ನ್ಯೂಯಾರ್ಕ್ ಕಡೆಯ ಹೊಳೆಯೋ ಪುಸ್ತಕಗಳು, ನಾನು ಡೊಂಬಿವಲಿಯಲ್ಲಿ ಕೊಂಡದ್ದು ಆ ಜಾತಿಯದ್ದು.

ಈ ಉಪಾಯಕ್ಕೆ ನಾನು ಕೈಮುಗಿಯುತ್ತೀನಿ. ಅದಿಲ್ಲದಿದ್ದರೆ ಎಷ್ಟೋ ಮಕ್ಕಳು ಬಣ್ಣದ ಪುಸ್ತಕ ಮುಟ್ಟುತ್ತಲೇ ಇರಲಿಲ್ಲ. ಆದರೆ ಕಪ್ಪು ಪ್ಲೇಟಿನಲ್ಲಿ ಅಕ್ಷರ ಬದ್ಲಾಗುತ್ತೆ, ಸಮುದ್ರ ಬದ್ಲಾಗೋದಿಲ್ಲ. ಎಲ್ಲಿ ಚಿತ್ರ ಬರೆದರೋ ಅಲ್ಲಿನ ಸಮುದ್ರವೇ ಎಲ್ಲರಿಗೂ. ಹೊರದೇಶದ ಪುಸ್ತಕವಾದರೆ ಪೆಂಗ್ವಿನ್, ಸೀಲ್, ಹಿಮಕರಡಿ, ಓರ್ಕಾ. ಬಂಗುಡೆ ಇಲ್ಲ, ಬೂತಾಯಿ ಇಲ್ಲ. ಹಾಗಾಗಿ ಉಡುಪಿಯ ಮಗುವಿಗೂ ಡೊಂಬಿವಲಿಯ ಮಗುವಿಗೂ ಪೆಂಗ್ವಿನ್ ಗೊತ್ತು. ಮನೆಯ ತಟ್ಟೆಯಲ್ಲಿರೋ ಮೀನು ಈಜುವಾಗ ಹೇಗಿರುತ್ತೆ ಗೊತ್ತಿಲ್ಲ. ಇನ್ನೊಂದು ಸಣ್ಣ ಹಿಂಸೆ: ಇಂಗ್ಲಿಷ್ ಸಾಲಿಗೆ ಬಿಟ್ಟ ಜಾಗದಲ್ಲಿ ಕನ್ನಡ ಕೂರೋದಿಲ್ಲ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ಪದಗಳೂ ಉದ್ದ. ಕೊನೆಗೆ ಅಕ್ಷರ ಚಿಕ್ಕದು ಮಾಡ್ತಾರೆ, ಓದು ಕಲಿಯೋ ಮಗುವಿಗೇ ಅತಿ ಚಿಕ್ಕ ಅಕ್ಷರ.

ಅನುವಾದ ಮಾಡೋರು ಏನು ಮಾಡಿದರು? ಇಂಗ್ಲಿಷ್ ಪದವನ್ನು ಬಿಡಿಸಿ ಜೋಡಿಸಿದರು. ಸ್ಟಾರ್‌ಫಿಶ್ ‘ನಕ್ಷತ್ರ ಮೀನು’ ಆಯ್ತು. ಅದು ಮೀನೇ ಅಲ್ಲ; ಬೆನ್ನುಮೂಳೆ ಇಲ್ಲ, ಕಿವಿರು ಇಲ್ಲ. ಇಂಗ್ಲಿಷಿನವರು ಮಾಡಿದ ತಪ್ಪನ್ನು ನಾವು ಶ್ರದ್ಧೆಯಿಂದ ಅನುವಾದ ಮಾಡಿಕೊಂಡೆವು. ಆಕ್ಟೋಪಸ್ ‘ಅಷ್ಟಪದಿ’ ಆಯ್ತು. ಹಾಡು ಕಲಿತವರ ಮನೆಯಲ್ಲಿ ಅಷ್ಟಪದಿ ಅಂದ್ರೆ ಜಯದೇವ ಕವಿ. ಮಗುವಿಗೆ ಎರಡೂ ಒಟ್ಟಿಗೆ ಹೇಳಿಕೊಟ್ಟರೆ ರಾಧೆಯ ಗತಿ ಏನು!

ಹೀಗೇ ಆಗಬೇಕಿತ್ತು ಅಂತ ಏನಿಲ್ಲ. ಪ್ಯಾಟ್ರಿಕ್ ರಸೆಲ್ ಅನ್ನೋ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ 1803ರಲ್ಲಿ ವಿಶಾಖಪಟ್ಟಣದ ಇನ್ನೂರು ಮೀನುಗಳ ಚಿತ್ರಸಂಪುಟ ತಂದ. ಮೀನುಗಾರರನ್ನು ಕೇಳಿ ಅವರು ಹೇಳಿದ ತೆಲುಗು ಹೆಸರನ್ನೇ ಬರೆದುಕೊಂಡ. ಅದನ್ನು ನೋಡಿದ ಫ್ರೆಂಚ್ ವಿಜ್ಞಾನಿ ಕ್ಯೂವಿಯೇ ಒಂದು ಮೀನಿಗೆ ಆ ತೆಲುಗು ಹೆಸರನ್ನೇ ಉಳಿಸಿದ. ಇವತ್ತಿಗೂ ಅದರ ವೈಜ್ಞಾನಿಕ ಹೆಸರು ರಾಸ್ಟ್ರೆಲಿಗರ್ ಕನಗುರ್ತ. ಕನಗುರ್ತ ಅಂದ್ರೆ ಯಾವ ಮೀನು ಗೊತ್ತಾ? ನಮ್ಮ ಬಂಗುಡೆ. ಆಂಧ್ರದ ಬೆಸ್ತರ ಮಾತು ಲ್ಯಾಟಿನ್ನಿಗೆ ಹೋಗೋ ಹಾಗಿದ್ದರೆ, ಮಲ್ಪೆಯ ಬೆಸ್ತರ ಮಾತು ಕನ್ನಡದ ಮಕ್ಕಳ ಪುಸ್ತಕಕ್ಕೆ ಬರೋಕೆ ಏನಡ್ಡಿ?

ಅಡ್ಡಿ ಏನು ಅಂತ ನನ್ನದೇ ಮನೆ ನೋಡಿ ಊಹೆ ಮಾಡ್ತೀನಿ. ಬರೆಯೋರು, ಪಾಠ ಮಾಡೋರು, ಪುಸ್ತಕ ಕೊಳ್ಳೋರಲ್ಲಿ ನನ್ನಂಥ ಮೀನು ತಿನ್ನದ ಮನೆಯವರು ತುಂಬ. ಬೊಂಡಾಸ್ ಅಂದ್ರೆ ವಾಸನೆ, ಸ್ಕ್ವಿಡ್ ಅಂದ್ರೆ ವಿಜ್ಞಾನ. ಅಜ್ಜಿ ಇನ್ನೊಂದು ದಿನ ಹೇಳಿದರು: ಶಾಲೆಯಲ್ಲಿ ಮೀನಿನ ಹೆಸರು ಹೇಳಿದರೆ ಹುಡುಗಿಯರೆಲ್ಲ ಮೂಗು ಮುಚ್ಚಿ ನಗುತ್ತಿದ್ದರಂತೆ, ಮೇಷ್ಟ್ರೂ ನಗುತ್ತಿದ್ದರಂತೆ. ನಾನು ದಾವಣಗೆರೆಯ ಸಂತೆಯಲ್ಲಿ ಮುಚ್ಚಿದ ಮೂಗೂ ಅದೇ ಅಲ್ವಾ.

ಮುಂಬೈ ಕನ್ನಡದ ಇತಿಹಾಸದಲ್ಲಿ ಈ ಮಾತು ಇನ್ನಷ್ಟು ಸಂಕಟದ್ದು. ನಾವು ಐಟಿಯವರು ಐರೋಲಿ, ಮಹಾಪೆ, ಠಾಣೆಯ ಘೋಡ್‌ಬಂದರ್ ರಸ್ತೆಗೆ ಬಂದು ಸೇರಿದ್ದು ನಿನ್ನೆ ಮೊನ್ನೆ. ಮೊಗವೀರರು ಮುಂಬೈಯಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿದ್ದು 1902ರಲ್ಲಿ, ಕಾರಂತರು ಹುಟ್ಟಿದ ವರ್ಷ. ‘ಮೊಗವೀರ’ ಅಂತ ಕನ್ನಡ ಮಾಸಪತ್ರಿಕೆಯನ್ನೂ ನಡೆಸಿದರು. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ, ಬಂದರಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದರು; ಈ ಊರಿನಲ್ಲಿ ಕನ್ನಡ ಉಳಿದದ್ದರಲ್ಲಿ ಆ ರಾತ್ರಿ ಶಾಲೆಗಳ ಪಾಲು ದೊಡ್ಡದು. ಡೊಂಬಿವಲಿಯಲ್ಲೂ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ಕಟ್ಟಿತು. ಅಂದ್ರೆ ಕಡಲಿನ ಕನ್ನಡ ಬಲ್ಲವರೂ, ಕನ್ನಡ ಶಾಲೆ ನಡೆಸಿದವರೂ ಇದೇ ಊರಿನಲ್ಲಿ, ಎಷ್ಟೋ ಕಡೆ ಒಂದೇ ಮನೆಯಲ್ಲಿ ಇದ್ದರು. ಆದರೂ ಅಜ್ಜಿಗೆ ಪುಸ್ತಕದ ಕನ್ನಡ ಬೇರೆ.

ಇನ್ನೊಂದು ಮಜಾ ಇದೆ. ಅಜ್ಜಿಯ ಪದಗಳನ್ನು ಬರೆದುಕೊಂಡು ವಾಶಿಯ ಮಾರ್ಕೆಟ್‌ಗೆ ಹೋದೆ, ಮೊದಲ ಸಲ ಮೀನಿನ ಬದಿಗೆ. ಕೋಳಿ ಹೆಂಗಸರ ಮುಂದೆ ‘ಬಂಗುಡೆ’ ಅಂದೆ. ‘ಬಾಂಗಡಾ’ ಅಂತ ತಿದ್ದಿ ತೋರಿಸಿದರು. ಕೊಂಕಣಿಯವರು ಬಾಂಗ್ಡೊ ಅಂತಾರೆ. ಬೂತಾಯಿಗೆ ಕಾರವಾರದ ಕಡೆ ತಾರ್ಲೆ, ಮರಾಠಿಯಲ್ಲಿ ತಾರಲಿ. ನೆಲದ ಮೇಲೆ ಕನ್ನಡ ಮುಗಿದು ಮರಾಠಿ ಶುರುವಾಗೋ ಗೆರೆ ಇದೆ, ಅದಕ್ಕಾಗಿ ಎಷ್ಟು ಜಗಳ ಆಗಿದೆ ಗೊತ್ತೇ ಇದೆ. ಮೀನಿನ ಹೆಸರು ದೋಣಿಯಲ್ಲಿ ಓಡಾಡಿದ್ದರಿಂದ ಆ ಗೆರೆ ಅದಕ್ಕೆ ತಾಗಿಲ್ಲ.

ಈಗ ಪರಿಸ್ಥಿತಿ ಸ್ವಲ್ಪ ಬದಲಾಗ್ತಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾಗಿ, 2015ರಲ್ಲಿ ಸ್ಟೋರಿವೀವರ್ ಅನ್ನೋ ತಾಣ ತೆರೆಯಿತು. ಚಿತ್ರ, ಕಥೆ ಎರಡೂ ಮುಕ್ತ ಲೈಸೆನ್ಸಿನಲ್ಲಿವೆ. ಯಾರು ಬೇಕಾದರೂ ತಮ್ಮ ಭಾಷೆಗೆ ತರಬಹುದು. ಅಲ್ಲಿ ರಾಜೀವ್ ಐಪ್ ಬರೆದು ಚಿತ್ರಿಸಿದ ‘ಡೈವ್!’ ಅನ್ನೋ ಪುಸ್ತಕ ಇದೆ, ಹವಳದ ದಿಬ್ಬದೊಳಗೆ ಮಗುವನ್ನು ಕರೆದೊಯ್ಯೋದು. ಓಪನ್ ಸೋರ್ಸ್ ಅಂತ ದಿನಾ ಹೇಳೋ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆ ಶನಿವಾರದ ಕೆಲಸ ಇಲ್ಲ. ಕಪ್ಪು ಪ್ಲೇಟು ಈಗ ನಮ್ಮ ಕೈಯಲ್ಲಿದೆ.

ಪುಸ್ತಕದ ಸಮುದ್ರ ಬಿಟ್ಟು ಪಕ್ಕದ ಸಮುದ್ರವನ್ನೂ ನೋಡಬೇಕಲ್ಲ. ಐರೋಲಿ ಸೇತುವೆ ಮೇಲೆ ಟ್ರಾಫಿಕ್‌ನಲ್ಲಿ ನಿಂತಾಗ ಕೆಳಗಿರೋದು ಠಾಣೆ ಖಾಡಿ. ಅದರ 1690 ಹೆಕ್ಟೇರ್ ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಆಯ್ತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಐರೋಲಿಯಲ್ಲಿ ಅರಣ್ಯ ಇಲಾಖೆಯ ಮ್ಯಾಂಗ್ರೋವ್ ವಿಭಾಗದ ಕಡಲ ಜೀವವೈವಿಧ್ಯ ಕೇಂದ್ರ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ. 2017ರಿಂದ ‘ಮರೀನ್ ಲೈಫ್ ಆಫ್ ಮುಂಬೈ’ ಗುಂಪಿನವರು ಇಳಿತದ ಹೊತ್ತಿನಲ್ಲಿ ಬಂಡೆಗಳ ಮೇಲೆ ಜನರನ್ನು ನಡೆಸಿ ಆಕ್ಟೋಪಸ್, ಹವಳ ತೋರಿಸ್ತಾರೆ. ಹೌದು, ಮುಂಬೈಯಲ್ಲೇ ಜೀವಂತ ಹವಳ. ಕೋಸ್ಟಲ್ ರೋಡ್ ಕಟ್ಟುವಾಗ 2020ರಲ್ಲಿ ಹಾಜಿ ಅಲಿ, ವರ್ಲಿ ಬಳಿಯಿಂದ 18 ಹವಳದ ಕಾಲನಿಗಳನ್ನು ಎತ್ತಿ ಬೇರೆ ಕಡೆ ನೆಟ್ಟರು. ವನ್ಯಜೀವಿ ಕಾನೂನಿನಲ್ಲಿ ಹವಳಕ್ಕೆ ಹುಲಿಗಿರುವಷ್ಟೇ ರಕ್ಷಣೆ. ನನ್ನ ಚಾರ್ಟಿನ ಉಂಗುರದ ಕಲ್ಲಿಗೆ!

ನಮ್ಮ ಪುಸ್ತಕಕ್ಕೆ ಬರ್ತೀನಿ. ಇಂಗ್ಲಿಷ್ ಹೆಸರುಗಳ ಮೇಲೆ ನಾನೂ ಮಗಳೂ ಹಳದಿ ಚೀಟಿ ಅಂಟಿಸಿದೆವು. ತೊರಕೆ, ಬೊಂಡಾಸ್, ಕಪ್ಪೆ ಬೊಂಡಾಸ್, ಸಿಗಡಿ, ಕಡಲಾಮೆ. ಪೆಂಗ್ವಿನ್ ಪೆಂಗ್ವಿನ್ನೇ. ಕ್ಲೌನ್ ಮೀನು ಅಡಗಿಕೊಳ್ಳೋ ಹೂವಿನಂಥ ಜೀವಿ ಇದೆಯಲ್ಲ, ಅನಿಮೋನ್, ಅದಕ್ಕೆ ಅಜ್ಜಿಯನ್ನು ಕೇಳಿದೆ. ತುಂಬ ಹೊತ್ತು ನೋಡಿದರು. “ಇದನ್ನು ನಾನು ನೋಡಿಲ್ಲ. ಬಲೆಗೆ ಬಂದದ್ದಕ್ಕೆ ಹೆಸರುಂಟು. ಬಾರದ್ದಕ್ಕೆ ಎಂತ ಹೆಸರು?” ನಿಜ. ಅಜ್ಜಿಯ ಕನ್ನಡಕ್ಕೂ ಒಂದು ಬಲೆಯ ಕಣ್ಣು ಇದೆ, ಅದರಿಂದ ಜಾರಿದ್ದು ಅವರ ಭಾಷೆಯಲ್ಲೂ ಇಲ್ಲ. ಅಂಥ ಕಡೆ ಕಾರಂತರ ಥರದವರೇ ಬೇಕು, ಹೊಸ ಪದ ಹುಟ್ಟಿಸೋರು. ನಾವು ಆ ಚೀಟಿ ಖಾಲಿ ಬಿಟ್ಟಿದ್ದೀವಿ. ಠಾಣೆ ಖಾಡಿಯ ಕೆಸರಿನಲ್ಲಿ ರೆಕ್ಕೆಯೂರಿ ಕುಪ್ಪಳಿಸೋ ಮೀನಿಗೆ ಕೋಳಿಯವರ ‘ನಿವಟಿ’ಯನ್ನೇ ಬರೆದೆವು.

ಇಡೀ ಪುಸ್ತಕ ಮುಗಿದ ಮೇಲೆ ಅಜ್ಜಿ ಮತ್ತೆ ಮೊದಲಿನಿಂದ ಪುಟ ತಿರುಗಿಸಿದರು. “ಬಂಗುಡೆ ಎಲ್ಲಿ?” ಇರಲಿಲ್ಲ. ಮಗಳು ಕ್ರೆಯಾನ್ ತಂದು, ಕೊನೆಯ ಪುಟದ ನೀಲಿ ಖಾಲಿ ಜಾಗದಲ್ಲಿ, ಬೆನ್ನ ಮೇಲೆ ಗೆರೆ ಗೆರೆ ಎಳೆದು ಒಂದು ಬಂಗುಡೆ ಬರೆದಳು.

ಅಜ್ಜಿ ನೋಡಿ ತಲೆ ಅಲ್ಲಾಡಿಸಿದರು. “ಬಂಗುಡೆ ಒಂದೇ ಬರುದಿಲ್ಲ ಮಗಾ. ಇನ್ನೂ ಒಂದು ಹತ್ತು ಬರಿ.”